ಮಗಳ ಇನ್‌ಹೇಲರ್ ಆಫೀಸಿನ ಬೀರುವಿನಿಂದ ಬ್ಯಾಗಿಗೆ ಬಂದ ಕತೆ

ಫೋನ್ ಬಂದಾಗ ಗಂಟೆ 11:45. "ನಿಮ್ಮ ಮಗಳಿಗೆ ಸ್ವಲ್ಪ ಕೆಮ್ಮು ಜಾಸ್ತಿ ಆಗಿದೆ. ಬಂದು ಕರ್ಕೊಂಡು ಹೋಗ್ತೀರಾ?" ಅಂತ ಶಾಲೆಯ ಆಫೀಸಿನಿಂದ ಕೇಳಿದರು. ದನಿಯಲ್ಲಿ ಗಾಬರಿ ಏನೂ ಇರಲಿಲ್ಲ. ಹಾಗಾಗಿ ನನಗೂ ಆಗಲಿಲ್ಲ. "ಇನ್‌ಹೇಲರ್ ಕೊಟ್ರಾ?" ಅಂದೆ. ಆ ಕಡೆಯವರು ಸ್ವಲ್ಪ ತಡವರಿಸಿದರು. "ಅದು ಬೀರುವಿನಲ್ಲಿದೆ ಸರ್. ಬೀಗದ ಕೈ ಇಟ್ಕೊಂಡಿರೋ ಮೇಡಂ ಇವತ್ತು ರಜಾ."

ನಾನು ಹೋಗಿ ಮುಟ್ಟುವಷ್ಟರಲ್ಲಿ 15 ನಿಮಿಷ ಆಗಿತ್ತು. ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿದ್ದರು. ಪಕ್ಕದಲ್ಲಿ ಒಬ್ಬರು ಮಿಸ್ ಕೂತು ಎದೆ ನೀವುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಮಗಳ ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು. ಉಸಿರು ಎಳೆದಾಗಲೆಲ್ಲ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಎಂಟು ವರ್ಷದ ಮಾತುಗಾರ್ತಿ ಅವಳು. ಅವತ್ತು ಅವಳ ಬಾಯಿಂದ ಬಂದಿದ್ದು ಎರಡೇ ಮಾತು. "ಅಪ್ಪ... ಪಂಪ್..."

ಅವಳಿಗೆ ಅಸ್ತಮಾ, ಹಾಗಾಗಿ ನನ್ನ ಚೀಲದಲ್ಲಿ ಒಂದು ನೀಲಿ ಇನ್‌ಹೇಲರ್ ಯಾವಾಗಲೂ ಇರುತ್ತದೆ. ಎಬ್ಬಿಸಿ ಕೂರಿಸಿದೆ. ಒಂದು ಪಫ್, ಸ್ವಲ್ಪ ಉಸಿರಾಟ, ಇನ್ನೊಂದು ಪಫ್. ನಾಲ್ಕು ಮುಗಿಯುವ ಹೊತ್ತಿಗೆ ಭುಜ ಕೆಳಗಿಳಿಯಿತು. ಹತ್ತು ನಿಮಿಷಕ್ಕೆ "ನನ್ನ ಟಿಫನ್ ಬಾಕ್ಸ್ ಕ್ಲಾಸಲ್ಲೇ ಇದೆ" ಅಂದಳು. ಆಗ ನನಗೆ ಕಾಲಲ್ಲಿ ನಡುಕ ಶುರುವಾಯಿತು.

ಉಬ್ಬಸ ಬಂದವರನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಬೇಕು, ಸ್ವಲ್ಪ ಮುಂದಕ್ಕೆ ಬಾಗಿ ಕೂತರೂ ಸರಿ. ಬಟ್ಟೆ ಬಿಗಿ ಇದ್ದರೆ ಸಡಿಲ ಮಾಡಬೇಕು. ಒಬ್ಬರು ಜೊತೆಯಲ್ಲೇ ಇರಬೇಕು, ಇನ್ಹೇಲರ್ ತರಲು ಇನ್ನೊಬ್ಬರು ಓಡಬೇಕು. ಇದೆಲ್ಲ ಆ ಮಿಸ್‌ಗೆ ಗೊತ್ತಿರಲಿಲ್ಲ. ಯಾರು ಹೇಳಿದ್ದರು ಅವರಿಗೆ? ನಾನಂತೂ ಹೇಳಿರಲಿಲ್ಲ. ವರ್ಷದ ಮೊದಲ ದಿನ ಆಫೀಸಿಗೆ ಹೋಗಿ ಇನ್‌ಹೇಲರ್ ಕೊಟ್ಟು, ಒಂದು ಫಾರಂಗೆ ಸಹಿ ಹಾಕಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಮನೆಗೆ ಬಂದಿದ್ದೆ. ಶಾಲೆಯಲ್ಲಿ ಔಷಧಿ ಇದೆ ಅಂದುಕೊಂಡಿದ್ದೆ. ಇತ್ತು ಕೂಡ. ಬೀರುವಿನಲ್ಲಿ.

ಇದಾಗಿ ಒಂದು ಶಾಲಾ ವರ್ಷ ಕಳೆದಿದೆ. ಕಳೆದ ವಾರವಷ್ಟೇ ಪರೀಕ್ಷೆ ಮುಗಿಯಿತು. ನಮ್ಮ ಹಾಗೆ ಓಡಾಡಬೇಕಾದವರು ಬೇರೆ ಇದ್ದೇ ಇರುತ್ತಾರೆ ಅಂತ ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಮಾರನೇ ದಿನವೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಡೆದಿದ್ದನ್ನೆಲ್ಲ ಹೇಳಿದೆ. ಸ್ವಲ್ಪ ಸಿಟ್ಟಿನಲ್ಲೇ ಹೇಳಿದೆ ಅನ್ನಿ. ಅವರು ಕೇಳಿಸಿಕೊಂಡು, "ಅವಳು ಕೂರೋ ಬೆಂಚಿನಿಂದ ಇನ್‌ಹೇಲರ್ ಎಷ್ಟು ನಿಮಿಷ ದೂರ ಇದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಇಡೀ ವರ್ಷ ನಾನು ಮಾಡಿದ ಓಡಾಟ ಎಲ್ಲ ಈ ಒಂದು ಪ್ರಶ್ನೆಗೇ.

ಆದರೆ ಅವರ ಎರಡನೇ ಪ್ರಶ್ನೆ ನನ್ನ ಸಿಟ್ಟನ್ನು ಇಳಿಸಿತು. "ಬೆಳಿಗ್ಗೆ ರಾತ್ರಿ ಕೊಡೋ ಪ್ರಿವೆಂಟರ್ ಇನ್‌ಹೇಲರ್ ಸರಿಯಾಗಿ ಕೊಡ್ತಿದೀರಾ?" ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಎರಡು ತಿಂಗಳು ಮಗಳು ಚೆನ್ನಾಗಿದ್ದಳು. ಸುಮ್ನೆ ಯಾಕೆ ಸ್ಟಿರಾಯ್ಡ್ ಅಂತ ರಾತ್ರಿಯದನ್ನು ಆಗಾಗ ಬಿಡುತ್ತಿದ್ದೆವು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಬೆಳಗಿನದೂ ತಪ್ಪುತ್ತಿತ್ತು.

ಡಾಕ್ಟರು ಬೈಯಲಿಲ್ಲ. ಒಂದು ಕಾಗದದ ಮೇಲೆ ಎರಡು ಕೊಳವೆ ಬರೆದು ತೋರಿಸಿದರು. ಅಸ್ತಮಾದಲ್ಲಿ ಎರಡು ತೊಂದರೆ ಒಟ್ಟಿಗೆ ಇರುತ್ತವೆ. ಶ್ವಾಸನಾಳದ ಒಳಗೋಡೆ ಊದಿಕೊಂಡಿರುತ್ತದೆ. ಜೊತೆಗೆ ಸುತ್ತಲಿನ ಸ್ನಾಯು ಬಿಗಿ ಹಿಡಿಯುತ್ತದೆ. ನೀಲಿ ಇನ್‌ಹೇಲರಿನ ಸಾಲ್ಬುಟಮಾಲ್ ಆ ಬಿಗಿತವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ. ಅದರ ಕೆಲಸ ಸುಮಾರು 4ರಿಂದ 6 ಗಂಟೆ. ಊತಕ್ಕೆ ಅದು ಏನೂ ಮಾಡುವುದಿಲ್ಲ. ಊತ ಇಳಿಸುವುದು ಪ್ರಿವೆಂಟರ್. ಅದು ನಿಧಾನ. ದಿನಾ ತೆಗೆದುಕೊಂಡರೆ ಮಾತ್ರ ಕೆಲಸ. ಅದರಲ್ಲಿ ಸ್ಟಿರಾಯ್ಡ್ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದೂ ನೇರವಾಗಿ ಶ್ವಾಸಕೋಶಕ್ಕೆ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು.

"ಓಡೋಕೆ ಮುಂಚೆ ತಗೊಳ್ಳೋದು ಬಿಟ್ಟು, ವಾರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ನೀಲಿ ಬೇಕಾಗ್ತಿದ್ರೆ ಅಸ್ತಮಾ ಹಿಡಿತದಲ್ಲಿಲ್ಲ ಅಂತ ಅರ್ಥ. ರಾತ್ರಿ ಕೆಮ್ಮಿ ಎದ್ರೂ ಅಷ್ಟೇ" ಅಂದರು. ಶಾಲೆಯ ಮೇಲೆ ಹೊರಿಸಲು ಹೋದ ತಪ್ಪಿನಲ್ಲಿ ಅರ್ಧ ನಮ್ಮ ಮನೆಯದೇ ಆಗಿತ್ತು. ಪ್ರಿವೆಂಟರ್ ಶಾಲೆಗೆ ಕಳಿಸುವ ಅಗತ್ಯವೇ ಇಲ್ಲ, ಅದು ಮನೆಯ ಕೆಲಸ. ಈಗ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿ ಇಟ್ಟಿದ್ದೇವೆ. ಮೊದಲು ಪಫ್, ಆಮೇಲೆ ಬ್ರಷ್. ಬಾಯಿ ತೊಳೆಯುವುದೂ ಅದರಲ್ಲೇ ಮುಗಿಯುತ್ತದೆ.

ಆಮೇಲೆ ನನ್ನ ಪರೀಕ್ಷೆ. "ಹೇಗೆ ಕೊಡ್ತೀರಿ, ತೋರಿಸಿ" ಅಂದರು. ನಾಲ್ಕು ವರ್ಷದಿಂದ ಕೊಡುತ್ತಿರುವವನು ನಾನು, ಧೈರ್ಯವಾಗಿ ಶುರು ಮಾಡಿದೆ. ಇನ್‌ಹೇಲರನ್ನು ಸ್ಪೇಸರಿಗೆ, ಅಂದರೆ ಇನ್ನೊಂದು ತುದಿಯನ್ನು ಬಾಯಿಗೆ ಇಟ್ಟುಕೊಂಡು ಉಸಿರೆಳೆಯುವ ಪ್ಲಾಸ್ಟಿಕ್ ಕೊಳವೆಗೆ, ಸಿಕ್ಕಿಸಿ ಎರಡು ಸಲ ಒಟ್ಟಿಗೇ ಒತ್ತಿದೆ. ಅಲ್ಲೇ ಫೇಲು. ಎರಡು ಪಫ್ ಒಟ್ಟಿಗೆ ಬಿಟ್ಟರೆ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೆ ಹಿಡಿಯುತ್ತವಂತೆ. ಚೆನ್ನಾಗಿ ಅಲುಗಾಡಿಸಿ, ಒಂದೇ ಪಫ್ ಒತ್ತಿ, ತುಟಿ ಬಿಗಿ ಹಿಡಿದು ನಿಧಾನವಾಗಿ ಐದಾರು ಉಸಿರು. ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ ಮುಂದಿನದು. ಇನ್ನೊಂದು ವಿಷಯ ಕೇಳಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸ್ಪೇಸರನ್ನು ನಾನು ಪ್ರತಿ ವಾರ ತೊಳೆದು, ಬಿಳಿ ಬಟ್ಟೆಯಲ್ಲಿ ಫಳಫಳ ಅನ್ನುವ ಹಾಗೆ ಒರೆಸಿ ಇಡುತ್ತಿದ್ದೆ. ಪ್ಲಾಸ್ಟಿಕ್ಕನ್ನು ಬಟ್ಟೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ. ಔಷಧಿ ಶ್ವಾಸಕೋಶಕ್ಕೆ ಹೋಗುವ ಬದಲು ಸ್ಪೇಸರಿನ ಗೋಡೆಗೆ ಅಂಟಿಕೊಳ್ಳುತ್ತದೆ. ನನ್ನ ಶುಚಿತ್ವದ ಹುಚ್ಚಿಗೆ ಮಗಳ ಎಷ್ಟು ಪಫ್ ಹಾಳಾಯಿತೋ! ಸರಿಯಾದ ಕ್ರಮ ಹೀಗೆ: ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದು, ಒರೆಸದೆ ತಾನಾಗಿ ಒಣಗಲು ಬಿಡಬೇಕು. ಬಾಯಿಗೆ ಇಡುವ ತುದಿಯನ್ನು ಮಾತ್ರ ಒರೆಸಬಹುದು. ಹೊಸ ಪ್ಲಾಸ್ಟಿಕ್ ಸ್ಪೇಸರ್ ತಂದಾಗಲೂ ಮೊದಲು ಹೀಗೇ ತೊಳೆಯಬೇಕು. ಕೆಲವು ಹೊಸ ಬಗೆಯವಕ್ಕೆ ಇದು ಬೇಡ, ಜೊತೆಗೆ ಬರುವ ಚೀಟಿ ಓದಿ.

ಶಾಲೆಗೆ ಕೊಡಲು ಪತ್ರ ಬರೆಸಿಕೊಂಡು ಬಂದೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ಸಾಲ್ಬುಟಮಾಲ್ 100 ಮೈಕ್ರೋಗ್ರಾಂ, 2 ಪಫ್, ಬೇಕಾದಾಗ. ಎರಡು ದಿನ ಬಿಟ್ಟು ಶಾಲೆಯಿಂದ ಪತ್ರ ವಾಪಸ್. "ಬೇಕಾದಾಗ ಅಂದ್ರೆ ಯಾವಾಗ ಸರ್? ಅದನ್ನ ಯಾರು ತೀರ್ಮಾನ ಮಾಡ್ಬೇಕು?" ಅಂತ ಆಫೀಸಿನವರು ಕೇಳಿದರು. ಆಗ ರೇಗಿತು. ಈಗ ಯೋಚಿಸಿದರೆ ಅವರು ಕೇಳಿದ್ದು ನ್ಯಾಯವೇ. ಕೆಮ್ಮಿದಾಗಲೆಲ್ಲ ಕೊಡಬೇಕಾ? ಅವಳು ಕೇಳಿದರೆ ಮಾತ್ರವಾ? ಎರಡು ಪಫ್‌ಗೆ ಬಗ್ಗದಿದ್ದರೆ? ಡಾಕ್ಟರಲ್ಲದ ಮನುಷ್ಯರ ಕೈಗೆ ಅಂಥ ಚೀಟಿ ಕೊಟ್ಟರೆ ಅವರು ಕೊಡುವ ಬದಲು ಫೋನನ್ನೇ ಮಾಡುತ್ತಾರೆ.

ಮತ್ತೆ ಅಪಾಯಿಂಟ್‌ಮೆಂಟು. ಮತ್ತೆ ಒಂಬತ್ತು ದಿನ ಕಾಯುವುದು. ಮತ್ತೆ ಅರ್ಧ ದಿನ ರಜೆ. ಆ ಒಂಬತ್ತು ದಿನ ನಾನು ಮಧ್ಯಾಹ್ನದ ತನಕ ಫೋನನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಟ್ಟುಕೊಂಡೇ ಕೆಲಸ ಮಾಡಿದೆ.

ಹಾಗಾಗಿ ಮೊದಲ ಸಲವೇ ಕೇಳಿ: ಚೀಟಿ ಸಾಲದು, ಅಸ್ತಮಾ ಆಕ್ಷನ್ ಪ್ಲಾನ್ ಬೇಕು ಅಂತ. ಹಸಿರು, ಹಳದಿ, ಕೆಂಪು ಅಂತ ಮೂರು ಭಾಗ ಇರುವ ಒಂದೇ ಹಾಳೆ. ನಮ್ಮ ಎರಡನೇ ಹಾಳೆಯಲ್ಲಿ ಹೀಗಿತ್ತು. ಹಸಿರು: ಚೆನ್ನಾಗಿದ್ದಾಳೆ, ಪಿಟಿಗೆ 15 ನಿಮಿಷ ಮುಂಚೆ 2 ಪಫ್. ಹಳದಿ: ಬಿಡದೆ ಕೆಮ್ಮು, ಸುಯ್ ಸುಯ್ ಸದ್ದು, ಎದೆ ಬಿಗಿ ಅನ್ನುತ್ತಾಳೆ, ಆಟ ಬಿಟ್ಟು ಸುಮ್ಮನೆ ಕೂರುತ್ತಾಳೆ. ಆಗ 4 ಪಫ್, ಒಂದೊಂದಾಗಿ, 4 ನಿಮಿಷ ಕಾದು ನೋಡಿ. ಕಡಿಮೆ ಆಗದಿದ್ದರೆ ಮತ್ತೆ 4. ಕೆಂಪು: ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿಲ್ಲ, ಕತ್ತು ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದೆ, ತುಟಿ ನೀಲಿ ಅಥವಾ ಬೂದಿ ಬಣ್ಣ. ಆಗ ಮೊದಲು ಆಂಬುಲೆನ್ಸ್, ಆಮೇಲೆ ಅಪ್ಪ ಅಮ್ಮ. ಆಂಬುಲೆನ್ಸ್ ಬರುವ ತನಕ ಪಫ್ ಕೊಡುತ್ತಲೇ ಇರಿ.

ಕೆಂಪು ಭಾಗದ ಕೆಳಗೆ ಡಾಕ್ಟರು ಕೈಯಲ್ಲಿ ಒಂದು ಸಾಲು ಸೇರಿಸಿದ್ದರು: "ಸದ್ದು ನಿಂತಿತು ಅಂದರೆ ವಾಸಿಯಾಯಿತು ಅಂತ ಅಲ್ಲ." ಸುಯ್ ಅನ್ನಲೂ ಗಾಳಿ ಬೇಕು. ಮಗು ಸುಸ್ತಾಗಿ, ಎದೆಯ ಸದ್ದು ಇದ್ದಕ್ಕಿದ್ದ ಹಾಗೆ ನಿಂತರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ.

ಈ ಸಂಖ್ಯೆಗಳು ನನ್ನ ಮಗಳವು. ನಿಮ್ಮ ಮಗುವಿಗೆ ನಿಮ್ಮ ಡಾಕ್ಟರು ಬರೆದದ್ದೇ ಸರಿ. ಬೇರೆ ಬೇರೆ ಕಡೆ ಲೆಕ್ಕವೂ ಬೇರೆ. ಆಸ್ಟ್ರೇಲಿಯಾದಲ್ಲಿ 4 ಪಫ್, ಪ್ರತಿ ಪಫ್‌ಗೆ 4 ಉಸಿರು, 4 ನಿಮಿಷ ಅಂತ ಕಲಿಸುತ್ತಾರೆ. ಬ್ರಿಟನ್ನಿನಲ್ಲಿ 30ರಿಂದ 60 ಸೆಕೆಂಡಿಗೆ ಒಂದರಂತೆ 10 ಪಫ್ ತನಕ ಹೇಳುತ್ತಾರೆ. ಎರಡನ್ನೂ ಓದಿ ನಾನು ಕಲಸಿಕೊಂಡಿದ್ದೆ. ಶಾಲೆಯಲ್ಲಿ ಇರಬೇಕಾದ್ದು ಒಂದೇ ಹಾಳೆ, ಒಂದೇ ಲೆಕ್ಕ.

ಇನ್ನು ಖರ್ಚು. ಎಲ್ಲವೂ ಎರಡೆರಡು ಬೇಕು ಅಂತ ಮೊದಲೇ ತಿಳಿದಿರಲಿ. ಬ್ಯಾಗಿಗೆ ಒಂದು ಇನ್‌ಹೇಲರ್ ಒಂದು ಸ್ಪೇಸರ್, ಶಾಲೆಯ ಆಫೀಸಿಗೆ ಒಂದು ಜೊತೆ, ಮನೆಯದು ಹೇಗೂ ಇದ್ದೇ ಇದೆ. ಇನ್‌ಹೇಲರಿಗಿಂತ ಸ್ಪೇಸರಿನದೇ ಹೊರೆ. ನನ್ನನ್ನು ನಿಜವಾಗಿ ಸತಾಯಿಸಿದ್ದು ಮಾತ್ರ ಲೇಬಲ್. ಹೆಸರು, ಡೋಸು ಇರುವ ಲೇಬಲ್ ಇನ್‌ಹೇಲರ್ ಮೇಲೆಯೇ ಇರಬೇಕು ಅಂತ ಶಾಲೆಯ ನಿಯಮ. ಔಷಧಿ ಅಂಗಡಿಯವರು ಅಂಟಿಸಿದ್ದು ರಟ್ಟಿನ ಡಬ್ಬಿಗೆ. ಡಬ್ಬಿ ಮನೆಯ ಕಸದ ಬುಟ್ಟಿಯಲ್ಲಿ. ಮತ್ತೆ ಹೋಗಿ ಕೇಳಿ ಬೇರೆ ಲೇಬಲ್ ತಂದೆ. ಅದನ್ನು ಇನ್‌ಹೇಲರಿನ ಪ್ಲಾಸ್ಟಿಕ್ ಕವಚದ ಹಿಂಬದಿಗೆ ಅಂಟಿಸಿ. ಎಷ್ಟು ಪಫ್ ಉಳಿದಿದೆ ಅಂತ ತೋರಿಸುವ ಕೌಂಟರಿನ ಪುಟ್ಟ ಕಿಟಕಿಯ ಮೇಲೆ ಅಂಟಿಸಬೇಡಿ. ನಾನು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದೆ.

ಪ್ರಿನ್ಸಿಪಾಲರ ಜೊತೆ ಮೀಟಿಂಗ್ ಮೂರು ಸಲ ಮುಂದಕ್ಕೆ ಹೋಯಿತು. ನಾಲ್ಕನೇ ಸಲ ನಡೆಯಿತು. ಹೋಗುವ ಮುಂಚೆ ಒಂದು ಕೆಲಸ ಮಾಡಿದ್ದೆ. ಮಗಳ ಕ್ಲಾಸಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ, ಮಗಳ ಕೈ ಹಿಡಿದು ಅವಳ ನಡಿಗೆಯಲ್ಲೇ ಆಫೀಸಿನ ತನಕ ಹೋದೆ. 40 ಮೆಟ್ಟಿಲು, ಎರಡು ವರಾಂಡ. 2 ನಿಮಿಷ 50 ಸೆಕೆಂಡು. ಅವಳು ಆಗ ಚೆನ್ನಾಗಿದ್ದಳು, ಬೀರುವಿನ ಬೀಗ ಲೆಕ್ಕಕ್ಕೆ ಸೇರಿಲ್ಲ, ಯಾರನ್ನೂ ಹುಡುಕಬೇಕಾಗಿರಲಿಲ್ಲ.

ಆ ಲೆಕ್ಕ ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಯಾವ ಔಷಧಿ ಇದ್ರೂ ಬೀಗದೊಳಗೇ ಇಡಬೇಕು ಅಂತ ನಮ್ಮಲ್ಲಿ ರೂಲ್ಸು. ಬೇರೆ ಮಗು ತಗೊಂಡು ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂದರು. ಕ್ಲಾಸ್ ಮಿಸ್ ಸುಮ್ಮನೆ ಕೂತಿದ್ದರು. ಅವರ ಭಯ ಬೇರೆಯೇ ಇತ್ತು, ಕೊನೆಗೆ ಹೇಳಿದರು: "ನಾನೇ ಜಾಸ್ತಿ ಕೊಟ್ಟುಬಿಟ್ರೆ?"

ಎರಡಕ್ಕೂ ಡಾಕ್ಟರ ಹತ್ತಿರ ಉತ್ತರ ಬರೆಸಿಕೊಂಡಿದ್ದೆ. ಸಾಲ್ಬುಟಮಾಲ್ ಒಂದೆರಡು ಪಫ್ ಜಾಸ್ತಿ ಹೋದರೆ ಕೈ ನಡುಗಬಹುದು, ಎದೆ ಡವಡವ ಅನ್ನಬಹುದು, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆರೋಗ್ಯವಾಗಿರುವ ಮಗು ಕುತೂಹಲಕ್ಕೆ ಒಂದು ಪಫ್ ಎಳೆದರೂ ಸಾಮಾನ್ಯವಾಗಿ ಇಷ್ಟೇ. ಉಬ್ಬಸ ಬಂದ ಮಗುವಿಗೆ ಕೊಡದೇ ಇರುವುದು ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಬೇರೆ ಕಡೆ ಏನು ಮಾಡಿದ್ದಾರೆ ಅಂತಲೂ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಇಂಗ್ಲೆಂಡಿನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳು ಡಾಕ್ಟರ ಚೀಟಿ ಇಲ್ಲದೆಯೇ ತುರ್ತಿಗೆ ಅಂತ ಸಾಲ್ಬುಟಮಾಲ್ ಕೊಂಡು ಇಟ್ಟುಕೊಳ್ಳಬಹುದು. ಕೆನಡಾದ ಒಂಟಾರಿಯೊದಲ್ಲಿ ಇನ್‌ಹೇಲರ್ ಹತ್ತಿರ ಇಲ್ಲದೆ ಶಾಲೆಯಲ್ಲೇ ಒಬ್ಬ 12 ವರ್ಷದ ಹುಡುಗ ತೀರಿಕೊಂಡ. ಆಮೇಲೆ 2015ರಲ್ಲಿ ಅಲ್ಲಿ ಕಾನೂನೇ ಬಂತು, ಮಕ್ಕಳು ಇನ್‌ಹೇಲರನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲು ಶಾಲೆ ಬಿಡಲೇಬೇಕು ಅಂತ. ಪ್ರಿನ್ಸಿಪಾಲರು ಆ ಪುಟವನ್ನು ಎರಡು ಸಲ ಓದಿದರು.

ಒಪ್ಪಂದ ಹೀಗಾಯಿತು. ಒಂದು ಜೊತೆ ಮಗಳ ಬ್ಯಾಗಿನ ಮುಂದಿನ ಜಿಪ್‌ನಲ್ಲಿ. ಇನ್ನೊಂದು ಜೊತೆ ಆಫೀಸಿನಲ್ಲಿ, ಬೀಗ ಇಲ್ಲದ ಡ್ರಾಯರಿನಲ್ಲಿ, ಪಕ್ಕದಲ್ಲಿ ಹಾಳೆ. ಕೊಟ್ಟಾಗಲೆಲ್ಲ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನ, ಗಂಟೆ, ಎಷ್ಟು ಪಫ್, ಯಾರು ಕೊಟ್ಟದ್ದು ಅಂತ ಬರೆಯಬೇಕು.

ಎಂಟು ವರ್ಷದ ಮಗು ತಾನೇ ಇಟ್ಟುಕೊಳ್ಳಬಹುದಾ ಅಂತ ನೀವು ಕೇಳಬಹುದು. ಅದಕ್ಕೆ ವಯಸ್ಸಿನ ಗೆರೆ ಇಲ್ಲ. ಡಾಕ್ಟರು ಮಗಳಿಂದಲೇ ಮಾಡಿಸಿ ನೋಡಿದರು. ಯಾವಾಗ ಬೇಕು ಅಂತ ಹೇಳಬಲ್ಲಳಾ, ಸರಿಯಾಗಿ ಎಳೆಯಬಲ್ಲಳಾ, ದೊಡ್ಡವರಿಗೆ ಹೇಳದೆ ತೆಗೆದುಕೊಳ್ಳುವುದಿಲ್ಲ ತಾನೇ, ಇಷ್ಟೇ ಅವರು ನೋಡಿದ್ದು. ಅವಳ ಕ್ಲಾಸಿನಲ್ಲೇ ಇನ್ನೊಂದು ಮಗುವಿಗೆ ಇನ್ನೂ ಆಗದಿರಬಹುದು. ಆದರೆ ಒಂದು ಮಾತು. ಇಟ್ಟುಕೊಳ್ಳುವುದು ಮಗುವಾದರೂ ಉಬ್ಬಸ ಜೋರಾದಾಗ ಅದು ಒಬ್ಬಂಟಿಯಾಗಿ ನಿಭಾಯಿಸಲಿ ಅಂತ ಬಿಡುವ ಹಾಗಿಲ್ಲ.

ಅದಕ್ಕೇ ಮಿಸ್‌ಗಳಿಗೆ ಕಲಿಸುವುದು. ಒಂದು ಶನಿವಾರ ಅರ್ಧ ಗಂಟೆ ಕೊಟ್ಟರು. ಔಷಧಿ ಇಲ್ಲದ ಡೆಮೊ ಇನ್‌ಹೇಲರನ್ನು ಡಾಕ್ಟರ ಕ್ಲಿನಿಕ್‌ನಿಂದಲೇ ಇಸಿದುಕೊಂಡು ಹೋಗಿದ್ದೆ. ನಾನು ಮಾತಾಡಿದ್ದು ಕಡಿಮೆ, ಎಲ್ಲ ಮಗಳೇ ತೋರಿಸಿದಳು. "ಕ್ಲಿಕ್ ಕ್ಲಿಕ್ ಅಂತ ವಾಲ್ವ್ ಸದ್ದು ಬರ್ಬೇಕು ಮಿಸ್. ಪೀಂ ಅಂತ ಸೀಟಿ ಬಂದ್ರೆ ನಾನು ಜೋರಾಗಿ ಎಳೀತಿದೀನಿ ಅಂತ. ಆಗ ನಿಧಾನ ಅನ್ನಿ." ನಮ್ಮ ಸ್ಪೇಸರಿನಲ್ಲಿ ಆ ಸೀಟಿ ಇದೆ, ಎಲ್ಲದರಲ್ಲೂ ಇರುವುದಿಲ್ಲ. ಪಿಟಿ ಮೇಷ್ಟ್ರು ಬಂದಿದ್ದು ಒಳ್ಳೆಯದಾಯಿತು. "ಅಸ್ತಮಾ ಇದ್ರೆ ಆಟ ಬೇಡ ಅಂತ ನಾನು ಅವಳನ್ನ ಮೂಲೇಲಿ ಕೂರಿಸ್ತಿದ್ದೆ" ಅಂದರು. ಕೂರಿಸಬೇಕಾಗಿಲ್ಲ. ಮುಂಚೆ ಪಫ್, ಸ್ವಲ್ಪ ವಾರ್ಮಪ್, ಆಮೇಲೆ ಎಲ್ಲರ ಹಾಗೆ ಓಡಲಿ. ಅಸ್ತಮಾ ಇದ್ದೂ ಒಲಿಂಪಿಕ್ಸ್ ತನಕ ಹೋದವರಿದ್ದಾರೆ.

ನಾನು ಎಣಿಸದೇ ಇದ್ದ ತೂತು ಒಂದಿತ್ತು. ಕ್ಲಾಸ್ ಮಿಸ್ ರಜೆ ಹಾಕಿದ ದಿನ ಬರುವ ಬದಲಿ ಮಿಸ್‌ಗೆ ಏನೂ ಗೊತ್ತಿಲ್ಲ. ಮಗಳು ಎದ್ದು ನಿಂತು ಬ್ಯಾಗಿಗೆ ಕೈ ಹಾಕಿದಾಗ "ಕೂತ್ಕೋ, ಬೆಲ್ ಆದ್ಮೇಲೆ" ಅಂದರಂತೆ. ಆಮೇಲಿಂದ ಆಕ್ಷನ್ ಪ್ಲಾನಿನ ಒಂದು ಪ್ರತಿಯನ್ನು, ಫೋಟೋ ಸಮೇತ, ಹಾಜರಿ ಪುಸ್ತಕದ ಮೊದಲ ಪುಟಕ್ಕೇ ಅಂಟಿಸಿದರು. ಯಾರು ಬಂದರೂ ಮೊದಲು ಹಾಜರಿ ಹಾಕಲೇಬೇಕಲ್ಲ. ಈ ಉಪಾಯ ಕ್ಲಾಸ್ ಮಿಸ್‌ದು, ನನ್ನದಲ್ಲ.

ಕಾಗದ ಪತ್ರ ಎಲ್ಲ ಸರಿಯಾದ ಮೇಲೆ ಬಂತು ನಿಜವಾದ ಕಷ್ಟ. ಮಗಳೇ ತೆಗೆದುಕೊಳ್ಳುತ್ತಿಲ್ಲ.

ನೋಟ್‌ಬುಕ್ ಖಾಲಿ. ಸಂಜೆ ಮನೆಗೆ ಬಂದರೆ ಎದೆಯಲ್ಲಿ ಸುಯ್ ಸುಯ್. ಕೇಳಿದರೆ "ಬೇಕಾಗ್ಲಿಲ್ಲ" ಅನ್ನುತ್ತಾಳೆ. ಒಂದು ದಿನ ಬ್ಯಾಗ್ ತೆಗೆದು ನೋಡಿದೆ. ಸ್ಪೇಸರ್ ಇಟ್ಟ ಕಡೆಯಿಂದ ಕದಲಿಲ್ಲ. ಇನ್‌ಹೇಲರ್ ಮಾತ್ರ ಯೂನಿಫಾರಂ ಜೇಬಿನಲ್ಲಿ, ಮುಚ್ಚಳ ಇಲ್ಲದೆ. ಬಾಯಿಗೆ ಇಡುವ ಕಂಡಿಯೊಳಗೆ ಒಂದು ರಬ್ಬರಿನ ಚೂರು, ಪೆನ್ಸಿಲ್ ಸಿಪ್ಪೆ. ಎಳೆದಿದ್ದರೆ ಔಷಧಿಯ ಜೊತೆ ಅದೂ ಗಂಟಲಿಗೆ ಹೋಗುತ್ತಿತ್ತು. (ಮುಚ್ಚಳ ಹಾಕುವುದನ್ನು ಮೊದಲ ದಿನವೇ ಕಲಿಸಿ. ಒತ್ತುವ ಮುಂಚೆ ಒಳಗೆ ಒಮ್ಮೆ ಇಣುಕಿ ನೋಡುವುದನ್ನೂ.) ರಾತ್ರಿ ಅಮ್ಮನ ಹತ್ತಿರ ಬಾಯಿಬಿಟ್ಟಳು. ಟಾಯ್ಲೆಟ್ಟಿಗೆ ಹೋಗಿ, ಬಾಗಿಲು ಹಾಕಿಕೊಂಡು, ಸ್ಪೇಸರ್ ಇಲ್ಲದೆ ಬಾಯಿಗೆ ಒತ್ತಿಕೊಂಡು ಬರುತ್ತಿದ್ದಳಂತೆ. ನೀರಿನ ಬಾಟಲಿಯಷ್ಟು ದೊಡ್ಡ ಸ್ಪೇಸರನ್ನು ಎಲ್ಲರ ಎದುರು ತೆಗೆದರೆ ಹಿಂದಿನ ಬೆಂಚಿನವರು "ಆನೆ ಸೊಂಡಿಲು" ಅನ್ನುತ್ತಾರಂತೆ.

ಒಬ್ಬಳೇ ಟಾಯ್ಲೆಟ್ಟಿನಲ್ಲಿ, ಚಿಲಕ ಹಾಕಿಕೊಂಡು. ಬೀರುವೇ ವಾಸಿ ಇತ್ತು ಅನ್ನಿಸಿತು. ಸ್ಪೇಸರ್ ಇಲ್ಲದೆ ಒತ್ತಿದರೆ ಮಕ್ಕಳಿಗೆ ಹೆಚ್ಚಿನ ಪಾಲು ಗಂಟಲಿಗೇ ಹೊಡೆದು ನಿಲ್ಲುತ್ತದೆ, ಎದೆಗೆ ಇಳಿಯುವುದು ಕಡಿಮೆ. ಅಂದರೆ ಅಡಗಿ ತೆಗೆದುಕೊಂಡದ್ದೂ ದಂಡ.

ಬೈದರೆ ಇನ್ನೂ ಮುಚ್ಚಿಡುತ್ತಾಳೆ. ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ಎಲ್ಲೋ ಓದಿದ್ದ ಒಂದು ಕತೆ ಹೇಳಿದೆ, ನಿಜವಾದದ್ದೇ. 1950ರ ದಶಕದಲ್ಲಿ ಅಸ್ತಮಾದವರು ರಬ್ಬರಿನ ಬುಂಡೆ ಹಿಚುಕುವ ಗಾಜಿನ ಉಪಕರಣ ಇಟ್ಟುಕೊಳ್ಳಬೇಕಿತ್ತು. ಅಮೆರಿಕದ ಒಂದು ಔಷಧಿ ಕಂಪನಿಯ ಮುಖ್ಯಸ್ಥನ 13 ವರ್ಷದ ಮಗಳಿಗೆ ಅಸ್ತಮಾ. ಆ ಗಾಜಿನ ಸಾಮಾನಿನಿಂದ ಬೇಸತ್ತು ಅವಳು ಅಪ್ಪನನ್ನು ಕೇಳಿದಳು, ಇದನ್ನೂ ಸ್ಪ್ರೇ ಡಬ್ಬಿಯ ಹಾಗೆ ಯಾಕೆ ಮಾಡಬಾರದು ಅಂತ. 1956ರಲ್ಲಿ ಮೊದಲ ಪಂಪ್ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

"ಅಂದ್ರೆ ಇದನ್ನ ಕಂಡುಹಿಡಿದಿದ್ದು ಒಬ್ಬ ಹುಡುಗೀನಾ?" ಅಂದಳು. ಕೇಳಿದ್ದು ಹುಡುಗಿ, ಮಾಡಿದ್ದು ದೊಡ್ಡವರು ಅಂದೆ. ಅವಳಿಗೆ ಮೊದಲರ್ಧ ಮಾತ್ರ ಕೇಳಿಸಿತು. ಮಾರನೇ ದಿನ ಕ್ಲಾಸಿನಲ್ಲಿ ಎದ್ದು ನಿಂತು ಈ ಕತೆ ಹೇಳಿದಳಂತೆ, ತನ್ನದೇ ಒಗ್ಗರಣೆ ಹಾಕಿ. ಮಿಸ್ ಅದನ್ನೇ ಹಿಡಿದುಕೊಂಡು ಅಸ್ತಮಾ ಅಂದರೇನು ಅಂತ ಹತ್ತು ನಿಮಿಷ ಪಾಠ ಮಾಡಿ, ಎಲ್ಲರಿಗೂ ಒಂದೊಂದು ಸ್ಟ್ರಾ ಕೊಟ್ಟು ಅದರಲ್ಲೇ ಉಸಿರಾಡಲು ಹೇಳಿದರು. ಅರ್ಧ ನಿಮಿಷಕ್ಕೆ ಅರ್ಧ ಕ್ಲಾಸು ಸ್ಟ್ರಾ ಕಿತ್ತು ಬಿಸಾಡಿತು. ಸೊಂಡಿಲಿನ ಮಾತು ನಿಂತುಹೋಯಿತು ಅಂತ ಹೇಳಲಾರೆ. ಆದರೆ ಈಗ ಅವಳ ಪಕ್ಕದ ಹುಡುಗಿಗೆ ಒಂದು ಕೆಲಸ ಸಿಕ್ಕಿದೆ: ಪಫ್ ಹೊತ್ತಿನಲ್ಲಿ ಜೋರಾಗಿ ಉಸಿರು ಎಣಿಸುವುದು.

ಮುಂದಿನ ಸೋಮವಾರ ಬೆಳಿಗ್ಗೆ ಕೌಂಟರ್ ನೋಡಿದೆ, 187. ಶುಕ್ರವಾರ ಸಂಜೆ 171. ಐದು ದಿನಕ್ಕೆ 16 ಪಫ್! ಎದೆ ಧಸಕ್ಕೆಂದಿತು. ನೋಟ್‌ಬುಕ್ಕಿನಲ್ಲಿ ಇರುವುದು 6 ಮಾತ್ರ, ಒಂದು ಪಿಟಿಗೆ 2, ಬುಧವಾರ ಕೆಮ್ಮಿಗೆ 4. ಉಳಿದ 10 ಎಲ್ಲಿ? ಮತ್ತೆ ಅಡಗಿ ತೆಗೆದುಕೊಳ್ಳುತ್ತಿದ್ದಾಳಾ? ಹಿಂದಿನ ಬೆಂಚಿನವರು ಆಟ ಆಡುತ್ತಿದ್ದಾರಾ? ಶನಿವಾರವೇ ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಮಗಳು ತಾನಾಗಿ ಹೇಳಿದಳು. "ನೀನೇ ಹೇಳಿದ್ಯಲ್ಲ ಅಪ್ಪ, ಮೊದ್ಲು ಎರಡು ಸಲ ಗಾಳೀಲಿ ಬಿಟ್ಟು ನೋಡ್ಬೇಕು ಅಂತ." ಹೇಳಿದ್ದು ಹೌದು. ಹೊಸ ಇನ್‌ಹೇಲರ್ ತೆರೆದಾಗ, ಇಲ್ಲಾ ಹಲವು ದಿನ ಬಳಸದೇ ಇಟ್ಟಿದ್ದಾಗ ಮಾಡಬೇಕಾದ್ದು ಅದು. ಅವಳು ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಶ್ರದ್ಧೆಯಿಂದ ಎರಡು ಪಫ್ ಗಾಳಿಗೆ ಬಿಡುತ್ತಿದ್ದಳು. ದಿನಕ್ಕೆ 2, ಐದು ದಿನಕ್ಕೆ 10. ಲೆಕ್ಕ ಸರಿಹೋಯಿತು.

ಕೌಂಟರ್ ಇರುವ ಇನ್‌ಹೇಲರೇ ಕೊಳ್ಳಿ ಅನ್ನುವುದು ಇದಕ್ಕೇ. ಇಲ್ಲದಿದ್ದರೆ ಬರೆದಿಡಬೇಕು, ಬೇರೆ ದಾರಿ ಇಲ್ಲ. ಅಲುಗಾಡಿಸಿ ಸದ್ದು ಕೇಳಿ ನಂಬಬೇಡಿ. 200 ಡೋಸ್ ಮುಗಿದ ಮೇಲೂ ಒಳಗೆ ಬರೀ ಗ್ಯಾಸ್ ಉಳಿದಿರುತ್ತದೆ, ಒತ್ತಿದರೆ ಪುಸ್ ಅನ್ನುತ್ತದೆ, ಔಷಧಿ ಇರುವುದಿಲ್ಲ. ನೀರಿನಲ್ಲಿ ತೇಲಿಸಿ ನೋಡುವುದೂ ನೆಚ್ಚಬಹುದಾದ ಉಪಾಯ ಅಲ್ಲ. ಬಿಸಿಲಿಗೆ ನಿಂತ ವಾಹನದಲ್ಲಿ ಬ್ಯಾಗ್ ಬಿಡುವ ಹಾಗಿಲ್ಲ, ಅದು ಒತ್ತಡದ ಡಬ್ಬಿ. ಶಾಲೆಯ ಟ್ರಿಪ್ಪಿಗೆ ಹೋದ ದಿನ ಬ್ಯಾಗುಗಳನ್ನೆಲ್ಲ ಬಸ್ಸಿನ ಕೆಳಗಿನ ಡಿಕ್ಕಿಗೆ ತುಂಬಿದ್ದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಟ್ರಿಪ್ ದಿನ ಇನ್‌ಹೇಲರ್ ಮಿಸ್ ಕೈಚೀಲದಲ್ಲಿ ಇರಲಿ.

ರಜೆ ಮುಗಿದು ಶಾಲೆ ಮತ್ತೆ ತೆರೆದಾಗ ಎರಡೇ ವಾರಕ್ಕೆ ಇಡೀ ಕ್ಲಾಸಿಗೆ ನೆಗಡಿ. ಮಕ್ಕಳ ಅಸ್ತಮಾ ಕೆರಳುವುದಕ್ಕೆ ಅತಿ ಸಾಮಾನ್ಯ ಕಾರಣ ಈ ನೆಗಡಿಯ ವೈರಸ್ಸೇ, ರಜೆ ಮುಗಿದ ಮೊದಲ ವಾರಗಳಲ್ಲಿ ಹುಷಾರಾಗಿರಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದರ ಮೇಲೆ ಪಕ್ಕದ ಕೋಣೆಗೆ ಪೇಂಟ್ ಬಳಿಯುತ್ತಿದ್ದರು. ಮಧ್ಯಾಹ್ನ 12:10ಕ್ಕೆ ಫೋನು. ನೋಡಿದ ಕೂಡಲೇ ಕುರ್ಚಿಯಿಂದ ಎದ್ದೆ.

"ಸರ್, ಗಾಬರಿ ಬೇಡ. 11:52ಕ್ಕೆ ಕೆಮ್ಮು ಶುರುವಾಯ್ತು. ಕೂರಿಸಿ 4 ಪಫ್ ಕೊಟ್ಟೆ. 4 ನಿಮಿಷ ಕಾದ್ವಿ, ಪೂರ್ತಿ ಇಳೀಲಿಲ್ಲ. ಮತ್ತೆ 4 ಕೊಟ್ಟೆ. ಈಗ ಮಾತಾಡ್ತಿದಾಳೆ. ಪೇಂಟ್ ವಾಸನೆಗೆ ಕ್ಲಾಸನ್ನ ಕೆಳಗೆ ಶಿಫ್ಟ್ ಮಾಡಿದೀವಿ. ನೀವು ಬಂದು ಡಾಕ್ಟರಿಗೆ ತೋರಿಸೋದು ಒಳ್ಳೇದು." ಅದೇ ಕ್ಲಾಸ್ ಮಿಸ್. "ನಾನೇ ಜಾಸ್ತಿ ಕೊಟ್ಟುಬಿಟ್ರೆ?" ಅಂದಿದ್ದವರು.

ಹೋದೆ. ಮಗಳು ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಕೈ ಸ್ವಲ್ಪ ನಡುಗುತ್ತಿತ್ತು, ಬಣ್ಣ ಗೆರೆ ದಾಟಿತ್ತು. ಎಂಟು ಪಫ್ ಆದ ಮೇಲೆ ಅದು ಸಹಜ. ಪರಿಣಾಮ 4 ಗಂಟೆ ಕೂಡ ನಿಲ್ಲದೆ ಮತ್ತೆ ಬೇಕಾಯಿತು ಅಂದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ನಾವು ಅಷ್ಟು ಕಾಯದೆ ನೇರ ಹೋದೆವು. ಮೂರು ದಿನ ಮನೆಯಲ್ಲಿದ್ದು ಸರಿಹೋದಳು. ಅಡ್ಮಿಟ್ ಮಾಡುವ ತನಕ ಹೋಗಲಿಲ್ಲ.

ಕಳೆದ ವಾರ ಶಾಲೆಯ ಡ್ರಾಯರಿನಿಂದ ಎಲ್ಲ ವಾಪಸ್ ತಂದೆ. ಇನ್‌ಹೇಲರಿನ ಮುಗಿಯುವ ದಿನಾಂಕ ಇನ್ನು ಎರಡು ತಿಂಗಳಿದೆ, ಹೊಸ ವರ್ಷಕ್ಕೆ ಹೊಸದೇ ಬೇಕು. ಆಕ್ಷನ್ ಪ್ಲಾನ್ ಕೂಡ ವರ್ಷಕ್ಕೊಮ್ಮೆ ಹೊಸದಾಗಿ ಬರೆಸಬೇಕು. ಮಗು ಬೆಳೆಯುತ್ತದೆ, ಡೋಸು ಬದಲಾಗುತ್ತದೆ. ಕ್ಲಾಸ್ ಮಿಸ್ ಕೂಡ ಬದಲಾಗುತ್ತಾರೆ. ಅಂದರೆ ಮತ್ತೆ ಒಂದು ಶನಿವಾರ, ಮತ್ತೆ ಅರ್ಧ ಗಂಟೆ, ಮತ್ತೆ ಸ್ಟಾಪ್‌ವಾಚು. ಈ ಸಲ ಡಾಕ್ಟರ ಅಪಾಯಿಂಟ್‌ಮೆಂಟ್ ಈಗಲೇ ತೆಗೆದುಕೊಂಡಿದ್ದೇನೆ. ಶಾಲೆ ತೆರೆಯುವ ವಾರದಲ್ಲಿ ಸಿಗುವುದಿಲ್ಲ.

ಎರಡು ಸ್ಪೇಸರನ್ನೂ ಇವತ್ತು ಬೆಳಿಗ್ಗೆ ಸೋಪಿನ ನೀರಲ್ಲಿ ಅದ್ದಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಸೋರಲು ಇಟ್ಟಿದ್ದೆ. ಕಟ್ಟೆ ಒದ್ದೆಯಾಗಿದೆ ಅಂತ ಹೆಂಡತಿ ಬಟ್ಟೆ ಹಿಡಿದು ಬಂದಳು. ಹಾಲ್‌ನಿಂದ ಕೂಗು ಕೇಳಿತು, ಒಂದೇ ಉಸಿರಿನಲ್ಲಿ. "ಅಮ್ಮಾ ಕಟ್ಟೆ ಮಾತ್ರ ಒರೆಸು, ಸ್ಪೇಸರ್ ಮುಟ್ಬೇಡ!"